ಕೊನೇ ದಿನಾಂಕ ಮುಗಿದ ಮೇಲೆ ಕೈಗೆ ಬಂದ ನಮೂನೆ-ಎಫ್: ಮೀಸಲಾತಿ ಉಳಿಯುತ್ತಾ, ಹೋಗುತ್ತಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಅಕ್ಕನ ವಿಷಯ ಕೇಳೋದಿದೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಅಕ್ಕ ಹಿಂದುಳಿದ ವರ್ಗಗಳ ಪ್ರವರ್ಗ 2ಎ. ವಯಸ್ಸು 36. ರಾಜ್ಯ ಸರ್ಕಾರದ ಒಂದು ಇಲಾಖೆಯ ಗ್ರೂಪ್ ಸಿ ಹುದ್ದೆಗೆ ಅರ್ಜಿ ಹಾಕಿದ್ದಳು. ಒಳ್ಳೆ ಅಂಕ ಬಂತು, ದಾಖಲೆ ಪರಿಶೀಲನೆಗೂ ಕರೆದರು. ಅಲ್ಲಿ ನಮೂನೆ-ಎಫ್ (ಜಾತಿ ಮತ್ತು ಆದಾಯ ಪ್ರಮಾಣಪತ್ರ) ನೋಡಿದವರು, ಇದರ ದಿನಾಂಕ ಅರ್ಜಿಯ ಕೊನೇ ದಿನಾಂಕದ ನಂತರದ್ದು, ಹಾಗಾಗಿ 2ಎ ಎಂದು ಪರಿಗಣಿಸಲು ಬರಲ್ಲ ಅಂದರು. ಈಗ ತಾತ್ಕಾಲಿಕ ಆಯ್ಕೆ ಪಟ್ಟಿ ಬಂದಿದೆ. ಅವಳಿಗಿಂತ ಕಡಿಮೆ ಅಂಕ ಬಂದ 2ಎ ಅಭ್ಯರ್ಥಿಗಳ ಹೆಸರಿದೆ, ಅವಳದ್ದು ತಿರಸ್ಕೃತರ ಪಟ್ಟಿಯಲ್ಲಿದೆ. ಕಾರಣದ ಕಾಲಂನಲ್ಲಿ ವಯೋಮಿತಿ ಮೀರಿದೆ ಅಂತ ಬರೆದಿದ್ದಾರೆ! ಇದು ನಮಗೆ ಅರ್ಥವೇ ಆಗಲಿಲ್ಲ.

ಹಳೇ ಪ್ರಮಾಣಪತ್ರದ 5 ವರ್ಷ ಮುಗಿದಿತ್ತು ನಿಜ. ಆದರೆ ಹೊಸದಕ್ಕೆ ಕೊನೇ ದಿನಾಂಕಕ್ಕಿಂತ ಬಹಳ ಮುಂಚೆಯೇ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಳು, ಸ್ವೀಕೃತಿ ಕೈಯಲ್ಲಿದೆ. ಗ್ರಾಮ ಆಡಳಿತಾಧಿಕಾರಿ ಚುನಾವಣೆ ಕೆಲಸದಲ್ಲಿದ್ದಾರೆ, ಸ್ಥಳ ವರದಿ ಬಂದಿಲ್ಲ ಅಂತ ದಿನ ತಳ್ಳಿದರು. ಬಂದದ್ದು ಕೊನೇ ದಿನಾಂಕ ಕಳೆದ ಮೇಲೆ. ಆಕ್ಷೇಪಣೆ ಹಾಕಲು ಕೆಲವೇ ದಿನ ಇದೆ. ಏನು ಮಾಡಬೇಕು, ಗೊತ್ತಿದ್ದವರು ಹೇಳಿ.

ಸಪ್ತಾಪುರ_ರೂಮ್‌ಮೇಟ್:

ತುಂಬಾ ಬೇಜಾರಾಯ್ತು ಬ್ರೋ. ಧಾರವಾಡದಲ್ಲಿ ಓದುತ್ತಾ ಕೂತಿರುವ ನಮ್ಮಲ್ಲಿ ಪ್ರತಿ ನೇಮಕಾತಿಗೂ ಯಾರಾದರೊಬ್ಬರು ಹೀಗೇ ಸಿಕ್ಕಿಹಾಕಿಕೊಳ್ಳುತ್ತಾರೆ. ಪರೀಕ್ಷೆ ಪಾಸಾಗಿ ಕಾಗದದಲ್ಲಿ ಫೇಲ್.

ಅಧಿಸೂಚನೆಯಲ್ಲಿ ಆ ಸಾಲು ಇದ್ದೇ ಇರುತ್ತೆ. ಮೀಸಲಾತಿ ಕೋರುವವರು ಅರ್ಜಿ ಸಲ್ಲಿಸಲು ನಿಗದಿಪಡಿಸಿದ ಕೊನೆಯ ದಿನಾಂಕದೊಳಗೆ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಪಡೆದು ಇಟ್ಟುಕೊಂಡಿರಬೇಕು, ಪರಿಶೀಲನೆಗೆ ಕೇಳಿದಾಗ ಕೊಡಬೇಕು, ಇಲ್ಲದಿದ್ದರೆ ಮೀಸಲಾತಿ ತಿರಸ್ಕರಿಸಲಾಗುವುದು. ನಾವೆಲ್ಲ ಹುದ್ದೆ ಎಷ್ಟು, ಸಿಲಬಸ್ ಏನು ಅಂತ ನೋಡಿ ಪಿಡಿಎಫ್ ಮುಚ್ಚಿಬಿಡುತ್ತೇವೆ. ಈ ಸಾಲು ಹದಿನೈದನೇ ಪುಟದಲ್ಲೋ ಇಪ್ಪತ್ತನೇ ಪುಟದಲ್ಲೋ ಇರುತ್ತೆ.

ವಯೋಮಿತಿ ಯಾಕೆ ಅಂದರು ಅನ್ನೋದು ನನಗೂ ಗೊತ್ತಿಲ್ಲ.

ನಿವೃತ್ತ_ವಿಷಯನಿರ್ವಾಹಕ:

ತಮ್ಮಾ, ನಾನು ಕಂದಾಯ ಇಲಾಖೆಯಲ್ಲಿ ಜಾತಿ, ಆದಾಯದ ಕಡತ ನೋಡುತ್ತಾ ನಿವೃತ್ತನಾದವನು. ವಯೋಮಿತಿಯ ವಿಷಯ ಮೊದಲು ಹೇಳುತ್ತೇನೆ, ಏಕೆಂದರೆ ಅದು ಬಹಳ ಜನಕ್ಕೆ ಗೊತ್ತಿಲ್ಲ.

ರಾಜ್ಯದ ಸಾಮಾನ್ಯ ನಿಯಮದಲ್ಲಿ ಗರಿಷ್ಠ ವಯಸ್ಸು ಸಾಮಾನ್ಯ ಅರ್ಹತೆಗೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ಕ್ಕೆ 40. ಆಗಾಗ ಸರ್ಕಾರ ಒಂದು ಬಾರಿಯ ಸಡಿಲಿಕೆ ಕೊಡುತ್ತೆ, ಅದು ಬೇರೆ. ನಿನ್ನ ಅಕ್ಕನ ನಮೂನೆ-ಎಫ್ ಒಪ್ಪದಿದ್ದರೆ ಅವರು 2ಎ ಅಲ್ಲ, ಸಾಮಾನ್ಯ ಅರ್ಹತೆ. ಸಾಮಾನ್ಯ ಅರ್ಹತೆಯಲ್ಲಿ 36 ವರ್ಷದವರು ಅರ್ಜಿ ಹಾಕಲಿಕ್ಕೇ ಬರಲ್ಲ. ಅಂದರೆ ಒಂದು ಕಾಗದ ಹೋದರೆ ಮೀಸಲು ಹುದ್ದೆ ಮಾತ್ರ ಹೋಗಲ್ಲ, ಅರ್ಜಿಯೇ ಹೋಗುತ್ತೆ. ಇಪ್ಪತ್ತೈದರ ಹುಡುಗರಾದರೆ ಸಾಮಾನ್ಯ ಅರ್ಹತೆಯಲ್ಲಿ ಹೋರಾಡಬಹುದು. ವಯಸ್ಸಾದವರಿಗೆ ಆ ದಾರಿಯೂ ಇಲ್ಲ. ಅದಕ್ಕೇ ಮೂವತ್ತೈದು ದಾಟಿದವರಿಗೆ ನಾನು ಯಾವಾಗಲೂ ಹೇಳುವುದು, ಪುಸ್ತಕಕ್ಕಿಂತ ಮೊದಲು ಪ್ರಮಾಣಪತ್ರದ ಮೇಲಿನ ದಿನಾಂಕ ನೋಡಿ.

ಈಗ ಯಾವ ಕಾಗದಕ್ಕೆ ಎಷ್ಟು ಆಯುಸ್ಸು ಅನ್ನೋದು. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ-ಡಿ. ಪ್ರವರ್ಗ-1ಕ್ಕೆ ನಮೂನೆ-ಇ. ಇವರಿಗೆ ಆದಾಯದ ಮಿತಿ ಇಲ್ಲ, ಆದ್ದರಿಂದ ಒಮ್ಮೆ ಪಡೆದದ್ದು ರದ್ದಾಗುವ ತನಕ ನಡೆಯುತ್ತೆ. 2ಎ, 2ಬಿ, 3ಎ, 3ಬಿಗೆ ನಮೂನೆ-ಎಫ್. ಅದರಲ್ಲಿ ಜಾತಿ ಜೊತೆಗೆ ಆದಾಯವೂ ಇರುತ್ತೆ, ಮೇಲುಸ್ತರಕ್ಕೆ, ಅಂದರೆ ಕೆನೆಪದರಕ್ಕೆ, ಸೇರಿಲ್ಲ ಎಂಬುದೂ ಇರುತ್ತೆ. ಮಿತಿ ವರ್ಷಕ್ಕೆ 8 ಲಕ್ಷ. ಜಾತಿ ಬದಲಾಗಲ್ಲ, ಆದಾಯ ಬದಲಾಗುತ್ತೆ. ಹಾಗಾಗಿಯೇ 5 ವರ್ಷದ ಗಡುವು. ಕೊನೇ ದಿನಾಂಕದಂದು ಆ ನಮೂನೆ-ಎಫ್ ಚಾಲ್ತಿಯಲ್ಲಿ ಇರಬೇಕು. ಅರ್ಜಿ ಹಾಕಿದ ದಿನ ಚಾಲ್ತಿ ಇದ್ದು, ಕೊನೇ ದಿನಕ್ಕೆ ಮುಗಿದುಹೋದ ಪ್ರಕರಣಗಳನ್ನೂ ನೋಡಿದ್ದೇನೆ.

ತಮ್ಮಾ, ಎರಡು ಪ್ರಶ್ನೆ. ಅರ್ಜಿಯಲ್ಲಿ ಯಾವ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲಿನ ಸಂಖ್ಯೆ) ಹಾಕಿದ್ದೀರಿ, ಹಳೇದಾ? ನಾಡಕಚೇರಿ ಸ್ವೀಕೃತಿಯಲ್ಲಿ ಸಕಾಲ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡುವ ವ್ಯವಸ್ಥೆ) ಸಂಖ್ಯೆ ಮತ್ತು ಕೊಡಬೇಕಾದ ದಿನಾಂಕ ಇದೆಯಾ?

ತುಂಗಾತೀರ:

ಅಂಕಲ್, ತುಂಬಾ ಧನ್ಯವಾದ. ಹೌದು, ಹಳೇ ಆರ್‌ಡಿ ಸಂಖ್ಯೆಯೇ. ಅರ್ಜಿಯಲ್ಲಿ ಆ ಜಾಗ ಖಾಲಿ ಬಿಡಲು ಆಗುತ್ತಿರಲಿಲ್ಲ, ಮುಂದಕ್ಕೇ ಹೋಗುತ್ತಿರಲಿಲ್ಲ. ಸಕಾಲ ಸ್ವೀಕೃತಿ ಇದೆ. ಅದರಲ್ಲಿ ಪ್ರಮಾಣಪತ್ರ ಕೊಡಬೇಕಾದ ದಿನಾಂಕವೂ ಇದೆ, ಅದು ಅರ್ಜಿಯ ಕೊನೇ ದಿನಾಂಕಕ್ಕಿಂತ ಮೊದಲೇ ಇದೆ. ಅಂದರೆ ಅವರು ಹೇಳಿದ ದಿನ ಕೊಟ್ಟಿದ್ದರೆ ಈ ತಕರಾರೇ ಇರುತ್ತಿರಲಿಲ್ಲ. ಆದಾಯವೂ ಮಿತಿಗಿಂತ ಬಹಳ ಕೆಳಗೆ, ಹಿಂದಿನ ಪ್ರಮಾಣಪತ್ರಕ್ಕೂ ಈಗಿನದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಹಾಸನ_ಸ್ಪರ್ಧಾರ್ಥಿ:

ನನ್ನ ಮಾತು ಕಹಿ ಅನ್ನಿಸಬಹುದು, ಆದರೂ ಹೇಳುತ್ತೇನೆ. ನಾನೂ 2ಎ. ಹಿಂದಿನ ಒಂದು ನೇಮಕಾತಿಯಲ್ಲಿ ಕೂದಲೆಳೆ ಅಂತರದಲ್ಲಿ ತಪ್ಪಿಹೋದವನು. ನಿಯಮ ಎಲ್ಲರಿಗೂ ಒಂದೇ ಇರಬೇಕು. ಎಷ್ಟೋ ಜನ ಅಧಿಸೂಚನೆ ಓದಿ, ನಮ್ಮ ಪ್ರಮಾಣಪತ್ರ ಮುಗಿದಿದೆ ಅಂತ ಗೊತ್ತಾಗಿ ಅರ್ಜಿಯನ್ನೇ ಹಾಕಿರಲ್ಲ. ಅಥವಾ ಸಾಮಾನ್ಯ ಅರ್ಹತೆಯಲ್ಲಿ ಪೂರ್ತಿ ಶುಲ್ಕ ಕಟ್ಟಿ ಹಾಕಿರುತ್ತಾರೆ. ಈಗ ತಡವಾಗಿ ತಂದವರಿಗೆ ಸಡಿಲ ಮಾಡಿದರೆ ಅವರಿಗೆ ಅನ್ಯಾಯ ಅಲ್ವಾ? ಪಟ್ಟಿಯಲ್ಲಿ ಈಗ ಹೆಸರು ಬಂದಿರುವ ಹುಡುಗಿ ಏನು ತಪ್ಪು ಮಾಡಿದ್ದಾಳೆ? ಅವಳೂ ಯಾರದೋ ಅಕ್ಕ.

ನೇತ್ರಾವತಿ_ಮಗಳು:

ಹಾಸನದವರೇ, ನಿಮ್ಮ ಮಾತಲ್ಲಿ ನ್ಯಾಯ ಇದೆ. ಆದರೆ ಇಲ್ಲಿ ಎರಡು ಥರದ ಜನ ಇದ್ದಾರೆ. ಕೊನೇ ದಿನ ಕಳೆದ ಮೇಲೆ ಎಚ್ಚರಾಗಿ ನಾಡಕಚೇರಿಗೆ ಓಡಿದವರು ಒಂದು ಕಡೆ. ಸಮಯಕ್ಕೆ ಮೊದಲೇ ಅರ್ಜಿ ಕೊಟ್ಟು, ಸರ್ಕಾರವೇ ಹೇಳಿದ ದಿನಾಂಕ ನಂಬಿಕೊಂಡು ಕಾದವರು ಇನ್ನೊಂದು ಕಡೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ರಮಾಣಪತ್ರ ಕೊಡುವುದೂ ಸರ್ಕಾರ, ಕೊನೇ ದಿನಾಂಕ ಹಾಕುವುದೂ ಸರ್ಕಾರ, ತಡ ಮಾಡಿದ್ದೂ ಸರ್ಕಾರ, ಶಿಕ್ಷೆ ಮಾತ್ರ ಅಭ್ಯರ್ಥಿಗೆ. ಇದನ್ನು ನಿಯಮ ಅಂತ ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲ್ಲ.

2011ರ ಸಕಾಲ ಕಾಯ್ದೆಯಲ್ಲಿ ತಡವಾದರೆ ಪರಿಹಾರ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಒಂದು ಸರ್ಕಾರಿ ನೌಕರಿ ಕೈತಪ್ಪಿದ್ದಕ್ಕೆ 500 ರೂಪಾಯಿ! ಆ ದುಡ್ಡು ಯಾರಿಗೆ ಬೇಕು? ಅದರ ಬದಲು, ಸಕಾಲ ಅವಧಿ ಮೀರಿ ಕೊಟ್ಟ ಪ್ರಮಾಣಪತ್ರವನ್ನು ಅವಧಿಯೊಳಗೇ ಕೊಟ್ಟಂತೆ ನೇಮಕಾತಿಯಲ್ಲಿ ಪರಿಗಣಿಸಬೇಕು ಅಂತ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಸುಳ್ಳು ಹೇಳುವವರಿಗೆ ಅದರಲ್ಲಿ ಜಾಗವೇ ಇಲ್ಲ, ಸ್ವೀಕೃತಿಯ ದಿನಾಂಕ ಕಂಪ್ಯೂಟರಲ್ಲೇ ಇರುತ್ತಲ್ಲ.

ಅಷ್ಟೇ ಅಲ್ಲ. ಸಿಇಟಿಗೆ ಅರ್ಜಿ ಹಾಕುವ ಪಿಯುಸಿ ಮಕ್ಕಳು ಆರ್‌ಡಿ ಸಂಖ್ಯೆ ಹಾಕಿದರೆ ಪರೀಕ್ಷಾ ಪ್ರಾಧಿಕಾರ ಆನ್‌ಲೈನಲ್ಲೇ ತಾಳೆ ನೋಡುತ್ತೆ. ಅದೇ ದತ್ತಾಂಶ, ಅದೇ ನಾಡಕಚೇರಿ. ಎಲ್ಲ ನೇಮಕಾತಿಯಲ್ಲೂ ಅರ್ಜಿ ತುಂಬುವಾಗಲೇ "ಈ ಪ್ರಮಾಣಪತ್ರದ ಅವಧಿ ಮುಗಿದಿದೆ" ಅಂತ ಕೆಂಪು ಅಕ್ಷರದಲ್ಲಿ ತೋರಿಸಿದರೆ ಅರ್ಧ ಜನ ಆಗಲೇ ಉಳಿದುಕೊಳ್ಳುತ್ತಾರೆ. ತಪ್ಪನ್ನು ಮೊದಲ ದಿನ ತೋರಿಸದೆ ವರ್ಷ ಕಳೆದ ಮೇಲೆ ತೋರಿಸುವುದು ಯಾಕೆ?

ಕರಿಕೋಟು:

ವಕೀಲಿಕೆ ಮಾಡುತ್ತೇನೆ, ಸೇವಾ ಪ್ರಕರಣಗಳು ಜಾಸ್ತಿ. ಕೋರ್ಟುಗಳು ಏನು ಹೇಳಿವೆ ಅಂತ ಸರಳವಾಗಿ ಬರೆಯುತ್ತೇನೆ. ಭರವಸೆಯೂ ಇದೆ, ಭಯವೂ ಇದೆ.

ಭರವಸೆ ಅಂದರೆ 2016ರ ರಾಮ್ ಕುಮಾರ್ ಗಿಜ್ರೋಯಾ ತೀರ್ಪು. ದೆಹಲಿಯಲ್ಲಿ ಸ್ಟಾಫ್ ನರ್ಸ್ ಹುದ್ದೆ. ಕೊನೇ ದಿನಾಂಕದ ನಂತರ ಒಬಿಸಿ ಪ್ರಮಾಣಪತ್ರ ಕೊಟ್ಟರು ಅಂತ ಕೈಬಿಟ್ಟಿದ್ದರು. ಸುಪ್ರೀಂ ಕೋರ್ಟ್ ಅಭ್ಯರ್ಥಿಯ ಪರ ನಿಂತಿತು. ಆ ಸಾಲಿನ ತೀರ್ಪುಗಳ ಹಿಂದಿನ ವಿಚಾರ ಇಷ್ಟೇ: ಹಿಂದುಳಿದ ಜಾತಿಯವನು ಎಂಬುದು ಹುಟ್ಟಿನಿಂದ ಇರುವ ಸ್ಥಿತಿ, ಪ್ರಮಾಣಪತ್ರ ಆ ಸ್ಥಿತಿಗೆ ಬರೀ ಪುರಾವೆ, ಪುರಾವೆ ತಡವಾದರೆ ಸ್ಥಿತಿ ಇಲ್ಲವಾಗಲ್ಲ.

ಭಯ ಅಂದರೆ ಆಮೇಲಿನ ದಾರಿ. ಗಿಜ್ರೋಯಾ ತೀರ್ಪನ್ನು ಎಲ್ಲದಕ್ಕೂ ಅನ್ವಯಿಸಬಹುದೇ ಎಂಬ ಅನುಮಾನ ಸುಪ್ರೀಂ ಕೋರ್ಟಿನಲ್ಲೇ ಬಂತು, 2020ರಲ್ಲಿ ವಿಷಯ ದೊಡ್ಡ ಪೀಠಕ್ಕೆ ಹೋಯಿತು. 2023ರಲ್ಲಿ ದಿವ್ಯಾ ಪ್ರಕರಣ, ಅದು ನಾಗರಿಕ ಸೇವಾ ಪರೀಕ್ಷೆಯ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಅಭ್ಯರ್ಥಿಗಳದ್ದು. ನಿಗದಿತ ದಿನಾಂಕದೊಳಗೆ ನಿಗದಿತ ರೂಪದಲ್ಲಿ ಪ್ರಮಾಣಪತ್ರ ಇರಲೇಬೇಕು ಅಂತ ಕೋರ್ಟ್ ಹೇಳಿ ಅಭ್ಯರ್ಥಿಗಳ ವಿರುದ್ಧ ತೀರ್ಪು ಕೊಟ್ಟಿತು. 2025ರಲ್ಲಿ ಉತ್ತರ ಪ್ರದೇಶ ಪೊಲೀಸ್ ನೇಮಕಾತಿಯ ಮೋಹಿತ್ ಕುಮಾರ್ ಪ್ರಕರಣ. ಅವರು ರಾಜ್ಯದ ನಮೂನೆಯ ಬದಲು ಕೇಂದ್ರ ಸರ್ಕಾರಿ ಹುದ್ದೆಯ ನಮೂನೆಯ ಒಬಿಸಿ ಪ್ರಮಾಣಪತ್ರ ಕೊಟ್ಟಿದ್ದರು. ಅಲ್ಲೂ ಸೋತರು. ನಮೂನೆ ತಪ್ಪಿದರೂ ಸಾಕು, ಮೀಸಲಾತಿ ಹೋಗುತ್ತೆ ಅಂತಾಯಿತು.

ನಿಮ್ಮ ಅಕ್ಕನ ವಿರುದ್ಧ ಅವರು ಇನ್ನೊಂದು ಮಾತು ಎತ್ತುತ್ತಾರೆ, ಈಗಲೇ ತಯಾರಿರಿ. ಜಾತಿ ಹುಟ್ಟಿನಿಂದ ಬಂತು, ಸರಿ. ಆದರೆ ಮೇಲುಸ್ತರಕ್ಕೆ ಸೇರಿಲ್ಲ ಅನ್ನೋದು ಹುಟ್ಟಿನಿಂದ ಬರಲ್ಲ, ಅದು ಆಯಾ ಕಾಲದ ಆದಾಯ ಅಂತ. ಇದು ಬಲವಾದ ವಾದ. ಇದಕ್ಕೆ ಉತ್ತರವೆಂದರೆ ಕೊನೇ ದಿನಾಂಕದಂದೂ ಆದಾಯ ಮಿತಿಯೊಳಗೇ ಇತ್ತು ಎಂಬ ದಾಖಲೆ, ಜೊತೆಗೆ ಆ ಸಕಾಲ ಸ್ವೀಕೃತಿ. ತಡವಾದದ್ದು ಅಭ್ಯರ್ಥಿಯಿಂದ ಅಲ್ಲ ಅಂತ ತೋರಿಸುವ ಕಾಗದ ಎಷ್ಟೋ ಜನರ ಹತ್ತಿರ ಇರಲ್ಲ. ನಿಮ್ಮ ಹತ್ತಿರ ಇದೆ. ಅದನ್ನು ಬೆಳ್ಳಿಯ ಹಾಗೆ ಜೋಪಾನ ಮಾಡಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ.

ಕ್ರಮ ಹೀಗೆ. ಮೊದಲು ಆಕ್ಷೇಪಣೆ, ಗಡುವಿನೊಳಗೆ, ಲಿಖಿತವಾಗಿ, ಸ್ವೀಕೃತಿ ಪಡೆದು. ಅದನ್ನು ತಳ್ಳಿಹಾಕಿದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿ. ರಾಜ್ಯ ಸರ್ಕಾರಿ ಹುದ್ದೆಯ ನೇಮಕಾತಿ ವಿಷಯಕ್ಕೆ ನೇರವಾಗಿ ಹೈಕೋರ್ಟಿಗೆ ಹೋಗಬೇಡಿ, ಮೊದಲು ಮಂಡಳಿಗೆ ಹೋಗಿ ಅಂತ ವಾಪಸ್ ಕಳಿಸುತ್ತಾರೆ. ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ಪೀಠ ಇದೆ. ಅಂತಿಮ ಪಟ್ಟಿ ಬಂದು ನೇಮಕಾತಿ ಆದೇಶ ಕೊಟ್ಟ ಮೇಲೆ ಹೋದರೆ ಕಷ್ಟ, ಬೇಗ ಹೋದರೆ ಒಂದು ಹುದ್ದೆ ಖಾಲಿ ಇಡಿ ಅಂತ ಮಧ್ಯಂತರ ಆದೇಶ ಕೇಳಬಹುದು. ಹಾಗೆ ಸಿಕ್ಕರೆ ಹಾಸನದವರು ಹೇಳಿದ ಆ ಹುಡುಗಿಯ ಕೆಲಸಕ್ಕೂ ಧಕ್ಕೆ ಆಗದಂತೆ ನೋಡಿಕೊಳ್ಳಲು ದಾರಿ ಇರುತ್ತೆ.

ಹಾಸನ_ಸ್ಪರ್ಧಾರ್ಥಿ:

ಸಕಾಲ ಸ್ವೀಕೃತಿ ಇದ್ದವರ ವಿಷಯ ಬೇರೆ ಅಂತ ಈಗ ಅರ್ಥ ಆಯ್ತು. ಅಂಥವರಿಗೆ ಸುತ್ತೋಲೆ ಬಂದರೆ ನಾನೂ ಬೆಂಬಲಿಸುತ್ತೇನೆ. ಆದರೆ ಮೊದಲೇ ಬರಲಿ, ಅಧಿಸೂಚನೆಯಲ್ಲೇ ಇರಲಿ. ಒಬ್ಬೊಬ್ಬರಿಗೆ ಒಂದೊಂದು ತೀರ್ಮಾನ ಬೇಡ.

ಗುರುಮಾತೆ_ಆಗಬೇಕಿದ್ದವಳು:

ಮದುವೆಯಾದ ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ತುಂಗಾತೀರ, ನಿಮ್ಮ ಅಕ್ಕನಿಗೆ ಮದುವೆ ಆಗಿದೆಯಾ? ಆಗಿದ್ದರೆ ಪ್ರಮಾಣಪತ್ರ ಯಾರ ಹೆಸರಲ್ಲಿದೆ ನೋಡಿ.

2022ರಲ್ಲಿ 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿ ನಡೆಯಿತಲ್ಲ, ಆಗ ಏನಾಯಿತು ಅಂತ ನೆನಪಿದೆಯಾ? ಮದುವೆಯಾದ ಎಷ್ಟೋ ಜನ ತಂದೆಯ ಹೆಸರಲ್ಲಿರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೊಟ್ಟಿದ್ದರು. ಗಂಡನ ಆದಾಯದ್ದು ಕೊಟ್ಟಿಲ್ಲ ಅಂತ ಅವರನ್ನು ಮೀಸಲಾತಿಯಿಂದ ತೆಗೆದು ಸಾಮಾನ್ಯ ಅರ್ಹತೆಗೆ ಹಾಕಿದರು. ಎಷ್ಟೋ ಜನರ ಹೆಸರು ಪಟ್ಟಿಯಿಂದಲೇ ಹೋಯಿತು. ಹೈಕೋರ್ಟಿನ ಏಕಸದಸ್ಯ ಪೀಠ 2023ರ ಜನವರಿಯಲ್ಲಿ ಹೆಣ್ಣುಮಕ್ಕಳ ಪರ ತೀರ್ಪು ಕೊಟ್ಟಿತು, ತಂದೆ ತಾಯಿಯ ಆದಾಯವೇ ನೋಡಬೇಕು ಅಂತ. ಮೇಲ್ಮನವಿ ಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ವಿಭಾಗೀಯ ಪೀಠದಲ್ಲಿ ಕತೆ ಬೇರೆ ದಾರಿ ಹಿಡಿಯಿತು, ನ್ಯಾಯಮಂಡಳಿಗೆ ಹೋಗಿ ಅಂದರು. ಅಷ್ಟರಲ್ಲಿ ಆಯ್ಕೆಯಾದವರೂ ಆದೇಶ ಸಿಗದೆ ತಿಂಗಳುಗಟ್ಟಲೆ ಕಾದರು, ಶಾಲೆಯಲ್ಲಿ ಮಕ್ಕಳಿಗೆ ಮೇಷ್ಟ್ರೂ ಇಲ್ಲ.

ನನ್ನ ಕಳಕಳಿ ಇಷ್ಟೇ. ನನ್ನ ಜಾತಿ ಹುಟ್ಟಿನಿಂದ ಬಂತು, ಹಿಂದುಳಿದಿರುವಿಕೆಯೂ ನಾನು ಬೆಳೆದ ಮನೆಯಿಂದ ಬಂತು. ನಾನು ಸೀಮೆಎಣ್ಣೆ ದೀಪದಲ್ಲಿ ಓದುವಾಗ ಗಂಡ ಎಲ್ಲಿದ್ದರು? ಆದರೂ ನಾಡಕಚೇರಿಗೆ ಹೋದರೆ ಗಂಡನ ಆಧಾರ್ ತನ್ನಿ ಅನ್ನುತ್ತಾರೆ, ಪರಿಶೀಲನೆಗೆ ಹೋದರೆ ತಂದೆಯದು ಎಲ್ಲಿ ಅನ್ನುತ್ತಾರೆ. ಮದುವೆಯಾದವರು ಅಧಿಸೂಚನೆಯಲ್ಲಿ ಯಾರ ಆದಾಯ ಕೇಳಿದ್ದಾರೆ ಅಂತ ಓದಿ, ಸ್ಪಷ್ಟವಾಗಿ ಇಲ್ಲದಿದ್ದರೆ ಸಹಾಯವಾಣಿಗೆ ಫೋನ್ ಮಾಡಿ ಬಿಡಬೇಡಿ, ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಸಾಧ್ಯವಾದರೆ ಎರಡೂ ಕಡೆಯ ಪ್ರಮಾಣಪತ್ರ ಕೊನೇ ದಿನಾಂಕದೊಳಗೆ ಮಾಡಿಸಿಡಿ.

ತುಂಗಾತೀರ:

ಅಕ್ಕನಿಗೆ ಮದುವೆಯಾಗಿಲ್ಲ ಮೇಡಂ, ಅಪ್ಪನ ಹೆಸರಲ್ಲೇ ಇದೆ. ಆದರೆ ನೀವು ಬರೆದದ್ದು ಓದಿ ಅವಳು ತುಂಬಾ ಹೊತ್ತು ಸುಮ್ಮನೆ ಕೂತಿದ್ದಳು. ನಿಮ್ಮ ಪ್ರಕರಣ ಏನಾಯ್ತು?

ಗುರುಮಾತೆ_ಆಗಬೇಕಿದ್ದವಳು:

ಇನ್ನೂ ನಡೆಯುತ್ತಿದೆ. ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ.

ಭೀಮೆ_ದಂಡಿ:

ನಮ್ಮ ಕಡೆಯವರಿಗೆ ಇನ್ನೊಂದು ಕಾಗದ ಜಾಸ್ತಿ ಇದೆ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಕೊಡುವ ಅರ್ಹತಾ ಪ್ರಮಾಣಪತ್ರ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಯವರಿಗೆ. ಇಲ್ಲಿನ ಸ್ಥಳೀಯ ವೃಂದದಲ್ಲಿ ಗ್ರೂಪ್ ಎ, ಬಿಗೆ 75 ಪರ್ಸೆಂಟ್, ಗ್ರೂಪ್ ಸಿಗೆ 80, ಗ್ರೂಪ್ ಡಿಗೆ 85 ಸ್ಥಳೀಯರಿಗೆ ಮೀಸಲು. ಬೆಂಗಳೂರಿನ ರಾಜ್ಯಮಟ್ಟದ ಕಚೇರಿಗಳಲ್ಲೂ 8 ಪರ್ಸೆಂಟ್ ಇದೆ.

ಇದನ್ನು ತಹಶೀಲ್ದಾರರು ಕೊಡಲ್ಲ, ಉಪವಿಭಾಗಾಧಿಕಾರಿ ಕೊಡಬೇಕು. ಅನುಬಂಧ-ಎ ನಮೂನೆ. ಬಹಳ ಹುಡುಗರು ತಹಶೀಲ್ದಾರರ ವಾಸಸ್ಥಳ ಪ್ರಮಾಣಪತ್ರ ಇಟ್ಟುಕೊಂಡು ಇದೇ 371ಜೆ ಅಂತ ತಿಳಿದಿರುತ್ತಾರೆ. ಅದು ನಡೆಯಲ್ಲ ರೀ. ಇನ್ನೂ ಒಂದು, ಅರ್ಜಿಯಲ್ಲಿ ಸ್ಥಳೀಯ ವೃಂದ ಬೇಕು ಅಂತ ಆ ಕಾಲಂನಲ್ಲಿ ಟಿಕ್ ಮಾಡಲೇಬೇಕು. ಪ್ರಮಾಣಪತ್ರ ಕಪಾಟಿನಲ್ಲಿದ್ದು ಅರ್ಜಿಯಲ್ಲಿ ಕೇಳಿಲ್ಲ ಅಂದರೆ ಆಮೇಲೆ ಸೇರಿಸಲು ಬರಲ್ಲ. ಇದು ಗ್ರಾಮೀಣ, ಕನ್ನಡ ಮಾಧ್ಯಮ, ಯೋಜನಾ ನಿರಾಶ್ರಿತ, ಎಲ್ಲಕ್ಕೂ ಅಷ್ಟೇ.

ರಾಯಚೂರು ಸೀಮೆಯಿಂದ ಎಷ್ಟೋ ಕುಟುಂಬಗಳು ದುಡಿಯಲು ಬೆಂಗಳೂರಿಗೆ ಹೋಗಿ ಅಲ್ಲೇ ಇವೆ. ಮಕ್ಕಳು ಅಲ್ಲೇ ಓದಿರುತ್ತಾರೆ. ಅಂಥವರು ಪ್ರಮಾಣಪತ್ರಕ್ಕೆ ಊರಿಗೆ ಬಂದು ಅಪ್ಪನ ಹಳೇ ಶಾಲಾ ದಾಖಲೆ, ಪಹಣಿ ಎಲ್ಲ ಹುಡುಕಬೇಕಾಗುತ್ತೆ. ಒಂದು ವಾರದಲ್ಲಿ ಆಗುವ ಕೆಲಸ ಅಲ್ಲ. ಅಧಿಸೂಚನೆ ಬರುವ ತನಕ ಕಾಯಲೇಬೇಡಿ.

ರೈಲ್ವೆ_ಕನಸು:

ನಾನು ಕೇಂದ್ರದ ಹುದ್ದೆಗಳಿಗೆ ತಯಾರಿ ಮಾಡುತ್ತಿದ್ದೇನೆ. ಎಸ್‌ಎಸ್‌ಸಿ, ಬ್ಯಾಂಕ್, ರೈಲ್ವೆ. ನನ್ನ ಹತ್ತಿರ ನಮೂನೆ-ಎಫ್ ಇದೆ, ಇನ್ನೂ ಮೂರು ವರ್ಷ ಅವಧಿ ಇದೆ. ಅದೇ ಸಾಕಲ್ವಾ?

ನಿವೃತ್ತ_ವಿಷಯನಿರ್ವಾಹಕ:

ಸಾಲದು ಮಗಾ. ಕೇಂದ್ರಕ್ಕೆ ಬೇರೆ ನಮೂನೆ, ನಾಡಕಚೇರಿಯಲ್ಲೇ ಕೊಡುತ್ತಾರೆ, ಕೇಂದ್ರ ಸರ್ಕಾರಿ ಉದ್ಯೋಗಕ್ಕೆ ಒಬಿಸಿ ಅಂತ ಬೇರೆಯಾಗಿ ಅರ್ಜಿ ಹಾಕಬೇಕು. ಅಲ್ಲೂ ಮಿತಿ 8 ಲಕ್ಷವೇ, 2017ರಲ್ಲಿ 6ರಿಂದ 8ಕ್ಕೆ ಏರಿಸಿದ್ದು. ಆದರೆ ಲೆಕ್ಕ ಹಾಕುವ ರೀತಿ ಬೇರೆ. ಕೇಂದ್ರದಲ್ಲಿ ತಂದೆ ತಾಯಿಯ ಸಂಬಳವನ್ನೂ ಕೃಷಿ ಆದಾಯವನ್ನೂ ಆ 8 ಲಕ್ಷದ ಪರೀಕ್ಷೆಗೆ ಸೇರಿಸಲ್ಲ, ಅವರ ಹುದ್ದೆಯ ದರ್ಜೆ ಬೇರೆಯಾಗಿ ನೋಡುತ್ತಾರೆ.

ಅದಕ್ಕೂ ಮೊದಲು ನಿನ್ನ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ನೋಡು. ರಾಜ್ಯದ ಪಟ್ಟಿ, ಕೇಂದ್ರದ ಪಟ್ಟಿ ಒಂದೇ ಅಲ್ಲ. ರಾಜ್ಯದಲ್ಲಿ 3ಬಿ ಇರುವ ವೀರಶೈವ ಲಿಂಗಾಯತ ಸಮುದಾಯ ಒಟ್ಟಾರೆಯಾಗಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇಲ್ಲ, ಕೆಲವು ಉಪಪಂಗಡಗಳು ಮಾತ್ರ ಇವೆ. ಅಲ್ಲಿ ಇಲ್ಲದವರು ಕೇಂದ್ರದ ಹುದ್ದೆಗೆ ಇಡಬ್ಲ್ಯುಎಸ್ ಕೇಳಬಹುದು, ಆದಾಯ ಮತ್ತು ಆಸ್ತಿ ಎರಡೂ ಮಿತಿಯೊಳಗಿದ್ದರೆ. 8 ಲಕ್ಷ ಆದಾಯ, 5 ಎಕರೆ ಕೃಷಿ ಭೂಮಿ, 1,000 ಚದರಡಿ ಫ್ಲ್ಯಾಟ್, ಹೀಗೆ ಮಿತಿಗಳಿವೆ. ಈ ಕಾಗದ ಹಿಂದಿನ ಹಣಕಾಸು ವರ್ಷದ ಆದಾಯದ ಮೇಲೆ ಕೊಡುವುದು, ನಡೆಯುವುದು ಒಂದೇ ಹಣಕಾಸು ವರ್ಷ. ಮಾರ್ಚ್‌ನಲ್ಲಿ ಮಾಡಿಸಿದ್ದು ಏಪ್ರಿಲ್‌ನಲ್ಲಿ ಹಳೇದಾಗುತ್ತೆ. ಅಧಿಸೂಚನೆಯಲ್ಲಿ ಯಾವ ವರ್ಷದ್ದು ಕೇಳಿದ್ದಾರೆ ಅಂತ ಬೆರಳಿಟ್ಟು ಓದು. ವಕೀಲರು ಹೇಳಿದ ದಿವ್ಯಾ ಪ್ರಕರಣದಲ್ಲಿ ಬುದ್ಧಿವಂತ ಮಕ್ಕಳು ಸೋತದ್ದು ಇಂಥ ವಿಷಯಕ್ಕೇ.

ಚಿಕ್ಕಬಳ್ಳಾಪುರದ_ಬೆಳಕು:

ಎಸ್‌ಸಿ ಅಭ್ಯರ್ಥಿಗಳ ಪರವಾಗಿ ಒಂದು ಮಾತು. ನಮ್ಮ ನಮೂನೆ-ಡಿಗೆ ಅವಧಿ ಇಲ್ಲ, ಹಾಗಾಗಿ ನಾವು ನಿಶ್ಚಿಂತೆ ಅಂತ ಎಲ್ಲರೂ ಅಂದುಕೊಂಡಿದ್ದೆವು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ, ಅಂದರೆ ಎಸ್‌ಸಿ ಮೀಸಲಾತಿಯನ್ನು ಒಳಗುಂಪುಗಳಿಗೆ ಹಂಚುವುದಕ್ಕೆ, ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಅಕ್ಟೋಬರಿನಿಂದ ರಾಜ್ಯದಲ್ಲಿ ಹೊಸ ಅಧಿಸೂಚನೆಗಳು ನಿಂತವು. ನಾಗಮೋಹನ್ ದಾಸ್ ಆಯೋಗದ ವರದಿ ಬಂದು, 2025ರ ಆಗಸ್ಟ್‌ನಲ್ಲಿ ಸಂಪುಟ ಎಸ್‌ಸಿಯ 17 ಪರ್ಸೆಂಟನ್ನು ಮೂರು ಗುಂಪಿಗೆ 6, 6, 5 ಅಂತ ಹಂಚಲು ತೀರ್ಮಾನಿಸಿತು. ಒಳಮೀಸಲಾತಿ ಬೇಕೇ ಬೇಕು, ಅದಕ್ಕಾಗಿ ನಮ್ಮ ಹಿರಿಯರು ದಶಕಗಳ ಕಾಲ ಬೀದಿಯಲ್ಲಿದ್ದರು. ನನ್ನ ಆತಂಕ ಕಾಗದದ್ದು.

ನಮ್ಮ ಕಡೆ ಬಹಳ ಜನರ ಪ್ರಮಾಣಪತ್ರದಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಅಂತ ಮಾತ್ರ ಇದೆ. ಈ ಹೆಸರಿನಡಿ ಎಡಗೈ, ಬಲಗೈ ಎರಡೂ ಕಡೆಯ ಜನ ಇದ್ದಾರೆ. ಒಳಗುಂಪು ಹೇಳಬೇಕಾದಾಗ ಬರೀ ಈ ಹೆಸರು ಸಾಕಾಗಲ್ಲ. ಗುಂಪು ನಮೂದಿಸಿದ ಪ್ರಮಾಣಪತ್ರ ಬೇಕು ಅಂತ ಅಧಿಸೂಚನೆ ಕೇಳಿದರೆ, ಅಷ್ಟೂ ಜನ ಒಂದೇ ತಿಂಗಳಲ್ಲಿ ನಾಡಕಚೇರಿ ಮುಂದೆ ನಿಲ್ಲಬೇಕು. ಅರ್ಜಿಗೆ ಒಂದು ತಿಂಗಳು ಸಮಯ ಕೊಟ್ಟು, ಅದರೊಳಗೆ ಹೊಸ ಕಾಗದವನ್ನೂ ತನ್ನಿ ಅಂದರೆ ಕೂಲಿ ಮಾಡುವ ಮನೆಯ ಹುಡುಗ ಎಲ್ಲಿಗೆ ಹೋಗಬೇಕು? ಮೊದಲು ಪ್ರಮಾಣಪತ್ರ ಕೊಟ್ಟು ಮುಗಿಸಲಿ, ಆಮೇಲೆ ಗಡುವು ಹಾಕಲಿ. ಈ ಕ್ರಮ ತಿರುಗುಮುರುಗಾಗಬಾರದು.

ಸಪ್ತಾಪುರ_ರೂಮ್‌ಮೇಟ್:

ಸಿಂಧುತ್ವ ಪ್ರಮಾಣಪತ್ರ ಅಂತ ಇನ್ನೊಂದು ಕೇಳುತ್ತಾರಲ್ಲ, ಅದನ್ನೂ ಅರ್ಜಿ ಹಾಕುವಾಗಲೇ ಮಾಡಿಸಬೇಕಾ? ನಮ್ಮ ರೂಮಿನಲ್ಲಿ ಎಲ್ಲರಿಗೂ ಇದೇ ಗೊಂದಲ.

ನಿವೃತ್ತ_ವಿಷಯನಿರ್ವಾಹಕ:

ಬೇಡ. ಅದು ಆಯ್ಕೆಯಾದ ಮೇಲಿನ ಮಾತು. ನೇಮಕಾತಿ ಪ್ರಾಧಿಕಾರ ಕೇಳಿದಾಗ ಜಿಲ್ಲಾ ಜಾತಿ ಪರಿಶೀಲನಾ ಸಮಿತಿಯಿಂದ ಆಗಬೇಕು. ಸುಳ್ಳು ಜಾತಿ ಪ್ರಮಾಣಪತ್ರದವರನ್ನು ಹಿಡಿಯಲು ಇರುವ ಜರಡಿ ಅದು. 1994ರ ಮಾಧುರಿ ಪಾಟೀಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಪರಿಶೀಲನೆಗೆ ದಾರಿ ಹಾಕಿಕೊಟ್ಟಿತು. ಈಗ ಮಾಡಬೇಕಾದ್ದು ಅದಕ್ಕೆ ಬೇಕಾಗುವ ದಾಖಲೆ ಒಂದೆಡೆ ಇಡುವುದು. ನಿನ್ನ ಮತ್ತು ತಂದೆಯ ಶಾಲಾ ದಾಖಲಾತಿ ಪುಸ್ತಕದ ಪ್ರತಿ, ವಂಶವೃಕ್ಷ. ಶಾಲೆಯ ದಾಖಲೆಯಲ್ಲಿ ಒಂದು ಜಾತಿ, ನಾಡಕಚೇರಿಯಲ್ಲಿ ಇನ್ನೊಂದು ಇದ್ದರೆ ಸಮಿತಿ ಮುಂದೆ ಬೆವರು ಬರುತ್ತೆ. ಹೆಸರೂ ಹಾಗೇ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಎಲ್ಲ ಕಡೆ ಇರಲಿ.

ತುಂಗಾತೀರ, ಆಕ್ಷೇಪಣೆ ಬರೆದಿರಾ? ಬರೆಯುವಾಗ ಚುನಾವಣೆ ಕೆಲಸ, ಗ್ರಾಮ ಆಡಳಿತಾಧಿಕಾರಿ ಇರಲಿಲ್ಲ ಅಂತೆಲ್ಲ ದೂರು ಬೇಡ. ದಿನಾಂಕಗಳು ಮಾತ್ರ ಇರಲಿ. ನಾಡಕಚೇರಿಗೆ ಅರ್ಜಿ ಕೊಟ್ಟ ದಿನ, ಸಕಾಲದಲ್ಲಿ ಕೊಡಬೇಕಾದ ದಿನ, ನೇಮಕಾತಿ ಅರ್ಜಿಯ ಕೊನೇ ದಿನ, ನಿಜವಾಗಿ ಕೊಟ್ಟ ದಿನ. ಹಳೇ ನಮೂನೆ-ಎಫ್ ಪ್ರತಿಯನ್ನೂ ಲಗತ್ತಿಸಿ, ಜಾತಿ ಅದೇ, ಆದಾಯ ಆಗಲೂ ಈಗಲೂ ಮಿತಿಯೊಳಗೆ ಅಂತ ಒಂದು ಸಾಲು ಬರೆಯಿರಿ. ಓದುವ ಗುಮಾಸ್ತರಿಗೆ ಅರ್ಧ ನಿಮಿಷದಲ್ಲಿ ಅರ್ಥವಾಗಬೇಕು.

ತುಂಗಾತೀರ:

ಹಾಗೇ ಬರೆದೆವು ಅಂಕಲ್. ಒಂದೇ ಪುಟ. ಇಮೇಲ್ ಕಳಿಸಿ, ನೋಂದಾಯಿತ ಅಂಚೆಯಲ್ಲೂ ಹಾಕಿ, ಅಕ್ಕ ಖುದ್ದಾಗಿ ಹೋಗಿ ಟಪಾಲಿನಲ್ಲಿ ಮೊಹರು ಹಾಕಿಸಿಕೊಂಡು ಬಂದಳು. ನ್ಯಾಯಮಂಡಳಿಗೆ ಹೋಗಲೂ ದಾಖಲೆ ಸಿದ್ಧ ಮಾಡುತ್ತಿದ್ದೇವೆ. ಕರಿಕೋಟು ಸರ್, ಸಂದೇಶ ಕಳಿಸಿದ್ದೇನೆ, ನೋಡಿ.

ಮಲೆಮಹದೇಶ್ವರ_ಹೈದ:

ತಡವಾಗಿ ಬಂದೆ, ಒಂದು ಪ್ರಶ್ನೆ. ಗ್ರಾಮೀಣ ಮೀಸಲಾತಿಗೆ ನಾನು 1ರಿಂದ 5 ಒಂದು ಶಾಲೆ, 6, 7 ಇನ್ನೊಂದು, ಹೈಸ್ಕೂಲು ಮತ್ತೊಂದು. ಎಲ್ಲವೂ ಹಳ್ಳಿಯಲ್ಲೇ. ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಸಹಿ ಮಾತ್ರ ಇದ್ದರೆ ಸಾಕಾ? ಅರ್ಜಿಗೆ ಇನ್ನೂ ಹತ್ತು ಹನ್ನೆರಡು ದಿನ ಇದೆ.

ನಿವೃತ್ತ_ವಿಷಯನಿರ್ವಾಹಕ:

ಸಾಲದು. 1ರಿಂದ 10ನೇ ತರಗತಿ ತನಕ ಗ್ರಾಮೀಣ ಪ್ರದೇಶದಲ್ಲೇ ಓದಿದ್ದು ಅಂತ ತೋರಿಸಬೇಕು, ಆದ್ದರಿಂದ ಮೂರೂ ಶಾಲೆಯ ದಾಖಲೆ ಬೇಕು. ನಮೂನೆ-2ರಲ್ಲಿ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ನೀನು ಸಾಮಾನ್ಯ ಅರ್ಹತೆಯಲ್ಲಿ ಗ್ರಾಮೀಣ ಕೇಳುವುದಾದರೆ ಮೇಲುಸ್ತರಕ್ಕೆ ಸೇರಿಲ್ಲ ಎಂಬ ನಮೂನೆ-1 ಕೂಡ ಬೇಕು, ಅದು ತಹಶೀಲ್ದಾರರದು. ಬೇಸಿಗೆ ರಜೆ ಶುರುವಾದರೆ ಶಾಲೆಯಲ್ಲಿ ಯಾರೂ ಸಿಗಲ್ಲ. ನಾಳೆ ಬೆಳಗ್ಗೆಯೇ ಮೊದಲು ಆ ಐದನೇ ತರಗತಿ ತನಕ ಓದಿದ ಶಾಲೆಗೆ ಹೋಗು, ಹಳೇ ದಾಖಲಾತಿ ಪುಸ್ತಕ ಹುಡುಕಲು ಅಲ್ಲೇ ಸಮಯ ಜಾಸ್ತಿ ಹಿಡಿಯುತ್ತೆ. ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೂ ಅದೇ ಓಡಾಟದಲ್ಲಿ ಸಹಿ ಮಾಡಿಸಿಕೊಂಡು ಬಾ.

ಮಲೆಮಹದೇಶ್ವರ_ಹೈದ:

ಸರಿ ಸರ್, ನಾಳೆಯೇ ಹೋಗುತ್ತೇನೆ. ಮೇಲುಸಹಿಯ ವಿಷಯ ಯಾರೂ ಹೇಳಿರಲಿಲ್ಲ.